ಮನೆಗೆ ಕೀಲಿ ಬಿದ್ದ ದಿನ

ಮೈಕ್ ಕೈಗೆ ಬಂದರೆ ನನ್ನ ತಲೆ ನಿಲ್ಲುವುದಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ. ಗೊತ್ತಾಗಲು ಮೊದಲು ಮೈಕ್ ಸಿಗಬೇಕಲ್ಲ. ಅದು ಸಿಕ್ಕಿದ್ದು ಈ ಸಲದ ಜಿಲ್ಲಾ ಪಂಚಾಯತಿ ಚುನಾವಣೆಯಲ್ಲಿ, ನನ್ನ ಮೂವತ್ತೇಳನೆಯ ವಯಸ್ಸಿನಲ್ಲಿ. ಉಗಾರ ಬುದ್ರುಕದ ಬಸ್ ನಿಲ್ದಾಣದ ಎದುರು ಟ್ರಾಲಿಯ ಮೇಲೆ ನಿಂತಿದ್ದೆ. ಊರಿನ ಅರ್ಧ ಮಂದಿ ಚಹಾ ಕುಡಿಯುತ್ತ ನೋಡುತ್ತಿದ್ದರು. ಕೂಗಿ ಹೇಳಿಬಿಟ್ಟೆ.

“ನಮ್ಮ ನಾಕ ಎಕರೆ ಕಬ್ಬಿಗೆ ಈ ವರ್ಷ ಬೆಂಕಿ ಬೀಳಂಗಿಲ್ಲ. ಹಸೀದ ಕಡಿಸಿ ಕಾರ್ಖಾನಿಗೆ ಕಳಸ್ತೀನಿ. ನಮ್ಮ ಹೊಲದಾಗ ಬೆಂಕಿ ಕಂಡ್ರ ನನಗ ಓಟ ಹಾಕಬ್ಯಾಡ್ರಿ!”

ಚಪ್ಪಾಳೆ ಬಿತ್ತು. ಕೆಳಗೆ ನಿಂತಿದ್ದ ನನ್ನ ಗಂಡ ಜಿನೇಂದ್ರ ಮಾತ್ರ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ನಮ್ಮ ಕಡೆ ಕಬ್ಬು ಕಡಿಯುವ ಮೊದಲು ಹೊಲಕ್ಕೆ ಬೆಂಕಿ ಹಚ್ಚುತ್ತಾರೆ. ಒಣಗಿದ ಗರಿ, ಅದಕ್ಕೆ ರವದಿ ಎನ್ನುತ್ತೇವೆ, ಹತ್ತು ನಿಮಿಷದಲ್ಲಿ ಉರಿದು ಹೋಗಿ ಕಬ್ಬು ಮಾತ್ರ ಕರ್ರಗೆ ನಿಂತಿರುತ್ತದೆ. ಕಡಿಯುವವರಿಗೆ ಗರಿ ಕೊಯ್ಯುವುದಿಲ್ಲ, ಹಾವಿನ ಹೆದರಿಕೆಯಿಲ್ಲ, ಕೆಲಸ ಲಗುಬಗೆ ಮುಗಿಯುತ್ತದೆ. ಸುಟ್ಟ ಕಬ್ಬು ಇಟ್ಟರೆ ಕೆಡುತ್ತದೆಂದು ಕಾರ್ಖಾನೆಯವರೂ ಅದನ್ನೇ ಮೊದಲು ಕರೆಯುತ್ತಾರೆ. ಎಲ್ಲರಿಗೂ ಅನುಕೂಲ. ಅನಾನುಕೂಲ ಏನಿದ್ದರೂ ಒಳಗಿರುವ ಮುಂಗುಸಿಗೆ, ಮೊಲಕ್ಕೆ, ಕೌಜುಗದ ಮೊಟ್ಟೆಗೆ. ಮದುವೆಯಾಗಿ ಬಂದ ಮೊದಲ ವರ್ಷ ಸುಟ್ಟ ಹೊಲದಲ್ಲಿ ಒಂದು ಮೊಲ ನೋಡಿದ್ದೆ. ಓಡುವ ಭಂಗಿಯಲ್ಲೇ ಇತ್ತು. ಅವತ್ತು ಊಟ ಬಿಟ್ಟೆ. ಮರುದಿನ ಮಾಡಿದೆ. ಆಮೇಲೆ ಹದಿಮೂರು ವರ್ಷ ಮಾಡುತ್ತಲೇ ಇದ್ದೆ.

ನಾನು ನಿಪ್ಪಾಣಿ ಬದಿಯ ಬೋರಗಾಂವದವಳು. ತವರುಮನೆಯ ಹಿಂಬದಿಗೇ ನಾಲ್ಕು ಪವರ್‌ಲೂಮ್. ಆ ಸದ್ದಿನಲ್ಲಿ ಹುಟ್ಟಿ ಬೆಳೆದವಳಿಗೆ ಸುಮ್ಮನೆ ಕೂಡುವುದು ಬರುವುದಿಲ್ಲ. ಕೂತರೆ ಕಾಲು ಅಲ್ಲಾಡುತ್ತದೆ, ನಿಂತರೆ ಬಾಯಿ. ಅಂಥವಳಿಗೆ ಹೋದ ವರ್ಷ ‘ಸಕಲ ಜೀವಿ ಪಕ್ಷ’ ಸಿಕ್ಕಿತು. ಪ್ರಾಣಿಗಳ ಹಕ್ಕು, ಹೊಳೆ, ಮಣ್ಣು, ಗಾಳಿ, ಇವುಗಳ ಹೆಸರಲ್ಲಿ ಓಟು ಕೇಳುವ ಸಣ್ಣ ಪಕ್ಷ. ಐದು ತಾಲೂಕಿಗೆ ಐದು ಅಭ್ಯರ್ಥಿ ಹುಡುಕುವಷ್ಟರಲ್ಲಿ ಅವರ ಪ್ರಾಣ ಬಾಯಿಗೆ ಬಂದಿತ್ತು. ಗುಬ್ಬಿಯ ಚಿಹ್ನೆ ಕೇಳಿದರೆ ಪ್ರಾಣಿ ಪಕ್ಷಿಗಳ ಚಿತ್ರ ಕೊಡುವುದಿಲ್ಲವೆಂದು ಚುನಾವಣಾ ಆಯೋಗದವರು ಇಸ್ತ್ರಿ ಪೆಟ್ಟಿಗೆ ಕೊಟ್ಟರು. ಪ್ರಣಾಳಿಕೆಯಲ್ಲಿ ಹಾಲು ಕುಡಿಯುವುದೂ ಹಿಂಸೆ ಎಂದು ಬರೆದಿತ್ತು. ಅದನ್ನು ನಮ್ಮ ಅತ್ತೆ ಲಕ್ಷ್ಮಿಬಾಯಿಯ ಎದುರು ಓದಿದೆ. ಮೂರು ಎಮ್ಮೆ ಸಾಕಿದ ಅವರು, “ಹಂಗಾದ್ರ ಕರಾ ಏನ ಕುಡಿಬೇಕಂತ? ಚಹಾನ?” ಎಂದರು. ಆ ಪುಟ ಹರಿದು ಉಳಿದದ್ದನ್ನು ಹಂಚಿದೆ.

ನನ್ನ ಎದುರಾಳಿ ರಾವಸಾಹೇಬ. ಕಬ್ಬು, ದ್ರಾಕ್ಷಿ ಎರಡೂ ಇರುವ ಕುಳ, ಎರಡು ಸಲ ಗೆದ್ದವರು. ನನ್ನ ಭಾಷಣದ ಸುದ್ದಿ ಕೇಳಿ ಚಹಾದಂಗಡಿಯಲ್ಲಿ, “ವೈನಿ ಕಬ್ಬಿಗೆ ಬೆಂಕಿ ಯಾವಾಗ ಬೀಳತೈತಿ ಅಷ್ಟ ನೋಡ್ಕೊಂತ ಇರ್ರಿ” ಎಂದರಂತೆ, ಊರಿನ ಅತ್ತಿಗೆಯೆಂಬ ಸಲಿಗೆಯಲ್ಲಿ. ನಮ್ಮ ಪಕ್ಷದ ಸಂಘಟನಾ ಕಾರ್ಯದರ್ಶಿ ಕುನಾಲನಿಗೆ ಅದು ಬೆದರಿಕೆಯಾಗಿ ಕೇಳಿಸಿತು. ಬೆಳಗಾವಿಯ ಹುಡುಗ, ಎರಡು ಫೋನು, ಎರಡರಲ್ಲೂ ಒಟ್ಟಿಗೆ ಮಾತಾಡುತ್ತಾನೆ. ಅವನು ಹೇಳಿದ ಮೇಲೆ ನನಗೂ ಹಾಗೇ ಕೇಳಿಸತೊಡಗಿತು.

ಕಬ್ಬು ಕಡಿಯಲು ಪ್ರತಿ ವರ್ಷದಂತೆ ತೆಲಸಂಗದ ಗ್ಯಾಂಗ್ ಬಂದಿತ್ತು. ಅದರ ಮುಖ್ಯಸ್ಥ ಸತ್ತೆಪ್ಪ, ಅವನ ಹೆಂಡತಿ ಲಕ್ಕವ್ವ. ಅವರ ಕಡೆ ಒಣಬೇಸಾಯ, ಬೆಳೆ ಮುಗಿದ ಮೇಲೆ ಗಂಡ ಹೆಂಡತಿ ಜೋಡಿ ಜೋಡಿಯಾಗಿ ಹೊಳೆಸಾಲಿಗೆ ಬಂದು ಕಾಲುವೆಯ ದಂಡೆಗೆ ಗುಡಿಸಲು ಹಾಕುತ್ತಾರೆ. ಹಸಿ ಕಬ್ಬು ಕಡಿಯಿರಿ ಎಂದಾಗ ಲಕ್ಕವ್ವ ನನ್ನ ಮುಖ ನೋಡಿ ನಕ್ಕಳು.

“ಯಾವ ಪೂಜಾರ್ರೀ ಹೇಳಿದ್ದು ಇದನ್ನ?”

“ಯಾರೂ ಹೇಳಿಲ್ಲ. ನಾನ ಹೇಳಾಕತ್ತೇನಿ.”

“ಆತ್ ಬಿಡ್ರಿ. ಎಲೆಕ್ಷನ್ ಮುಗಿಯೂತನಕ ತಾನ?”

ಕಡಿದರು. ಗರಿ ಗರಗಸದಂತೆ ಕೊಯ್ದು ಲಕ್ಕವ್ವನ ಮೊಳಕೈವರೆಗೆ ಕೆಂಪು ಗೆರೆಗಳೆದ್ದವು. ನಾನು ಕೈಗವಸು ತಂದುಕೊಟ್ಟೆ. ಅವನ್ನು ತೊಟ್ಟರೆ ಕುಡುಗೋಲು ಜಾರುತ್ತದೆಂದು ಒಂದು ತಾಸಿನಲ್ಲಿ ಕಳಚಿ ಬದುವಿಗೆ ಎಸೆದರು. ದಿನಕ್ಕೆ ಎರಡು ಟ್ರ್ಯಾಕ್ಟರ್ ತುಂಬುವ ಜನ ಒಂದನ್ನೂ ತುಂಬಲಿಲ್ಲ. ಕಾರ್ಖಾನೆಯಿಂದ ದಿನಾ ಫೋನು. ಪ್ರಾಣಿದಯೆಯ ಭಾಷಣ ಮಾಡಿ ಮನೆಗೆ ಬಂದು ಎಣ್ಣೆಯ ಬಟ್ಟಲು ಹಿಡಿದು ಅವಳ ಗುಡಿಸಲಿಗೆ ಹೋಗುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಮೂರನೆಯ ದಿನ ಲಕ್ಕವ್ವನ ಕುಡುಗೋಲು ಅರ್ಧಕ್ಕೆ ನಿಂತಿತು. ರವದಿಯ ಮೇಲೆ ಕಾಡುಬೆಕ್ಕಿನ ಮೂರು ಮರಿ, ಕಣ್ಣು ಈಗಷ್ಟೇ ತೆರೆದವು. ಅವಳು ಸುತ್ತ ಹತ್ತು ಹೆಜ್ಜೆ ಕಬ್ಬು ಬಿಟ್ಟು ಮುಂದೆ ಕಡಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಆದರೆ ನನಗೆ ಫೋನು ಮಾಡಿದಳು, ನಾನು ಕುನಾಲನಿಗೆ ಮಾಡಿದೆ. ಸಂಜೆಯೊಳಗೆ ಮರಿಗಳ ವಿಡಿಯೊ ಕಾಗವಾಡ, ಅಥಣಿ, ರಾಯಬಾಗ ಎಲ್ಲ ಸುತ್ತಿ ಬಂತು. ನನ್ನ ಹೆಸರು ಸೇರಿಸಿ ಅದಕ್ಕೆ ‘ಪೂನಮ ಅಕ್ಕನ ಮಕ್ಕಳು’ ಎಂದು ಹೆಸರಿಟ್ಟರು. ಮರುದಿನದಿಂದ ಮಂದಿ ಮೋಟರ್‌ಸೈಕಲ್ ಮೇಲೆ ಬಂದು ಇಣುಕುವುದು, ಫೋಟೊ ತೆಗೆಯುವುದು. ನನಗೆ ಹಿಗ್ಗೋ ಹಿಗ್ಗು. ಬೆಕ್ಕಿಗೆ ಹೇಗಾಗಿರಬಹುದೆಂದು ಪ್ರಾಣಿಗಳ ಪಕ್ಷದ ಅಭ್ಯರ್ಥಿ ಯೋಚಿಸಲಿಲ್ಲ.

ಮತದಾನ ಭಾನುವಾರ. ಬುಧವಾರ ನಿಪ್ಪಾಣಿಯಾಚೆಯ ಸ್ತವನಿಧಿ ಜೈನ ಕ್ಷೇತ್ರದಲ್ಲಿ ಐದೂ ಅಭ್ಯರ್ಥಿಗಳು ಸೇರಬೇಕು, ರಾಜ್ಯಾಧ್ಯಕ್ಷರು ಬರುತ್ತಾರೆ, ಅಭ್ಯರ್ಥಿಗಳ ಮನೆಮಂದಿಯೂ ಇರಲಿ ಎಂದು ಕುನಾಲ ಹಟ ಹಿಡಿದ. “ಅಹಿಂಸಾ ಪಾಲಿಸೋ ಕುಟುಂಬ ಅಂತ ಒಂದ ವಿಡಿಯೊ ಮಾಡೂಣ್ರಿ ಅಕ್ಕಾ.” ಅತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಬೀಗರ ಮದುವೆಗೂ ಅವರು ಊರು ಬಿಡುವವರಲ್ಲ. ನಮ್ಮ ಜೈನರ ಆಚಾರದಂತೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಬಿಟ್ಟು ಕೈ ಮುಗಿಯುವ ಹೆಂಗಸು. ಸೂರ್ಯ ಮುಳುಗಿದ ಮೇಲೆ ನೀರೂ ಇಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನಮ್ಮ ಮನೆಯ ಹತ್ತಿರ ಸುಳಿಯಲಾರದು ಎಂದು ನಾನು ನಂಬಿದ್ದೆ. ನಮ್ಮ ಅತ್ತೆ ಬದನೆಕಾಯಿಯನ್ನೂ ತಿನ್ನುವುದಿಲ್ಲ.

ಬುಧವಾರ ಬೆಳಿಗ್ಗೆ ನಾನು ಸೀರೆ ಉಟ್ಟು ಹೊರಬರುವಷ್ಟರಲ್ಲಿ ಅತ್ತೆ ತಯಾರಾಗಿ ಅಂಗಳದಲ್ಲಿದ್ದರು. ಮನೆಯ ಮುಂಬಾಗಿಲಿಗೆ ದೊಡ್ಡ ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕುನಾಲನ ಕಾರು ಹತ್ತಿದರು. ಜಿನೇಂದ್ರರೂ ಹತ್ತಿದರು. ಕಾಲುವೆಯ ಹತ್ತಿರ ದಾಟುವಾಗ ಗ್ಯಾಂಗಿನವರು ಸಾಲಾಗಿ ಕೂತು ರೊಟ್ಟಿ ತಿನ್ನುತ್ತಿದ್ದರು. ಲಕ್ಕವ್ವ ಎದ್ದು ನಿಂತು ಕಾರಿನೊಳಗೆ ಬಗ್ಗಿ ನೋಡಿದಳು, ಎಲ್ಲರನ್ನೂ ಒಬ್ಬೊಬ್ಬರಾಗಿ. ನಾನು ಕೈ ಬೀಸಿದೆ.

ಕುಡಚಿಯ ಸೇತುವೆ ಮೇಲೆ ಬಂದಾಗ ನೆನಪಾಯಿತು. ಅತ್ತೆ ಊರು ಬಿಡುವುದು ವರ್ಷಕ್ಕೆ ಒಂದೇ ಸಲ. ಹೋದ ವರ್ಷ ಕುಂಭೋಜ, ಅದರ ಹಿಂದಿನ ವರ್ಷ ಶೇಡಬಾಳ, ಅದರ ಹಿಂದೆ ಇದೇ ಸ್ತವನಿಧಿ. ಪ್ರತಿ ಸಲವೂ ಕಬ್ಬು ಕಡಿಯುವ ಹಂಗಾಮಿನಲ್ಲೇ. ವ್ರತದ ದಿನಗಳಾದ ಅಷ್ಟಮಿ, ಚತುರ್ದಶಿ ಬಿಟ್ಟು. ಪ್ರತಿ ಸಲವೂ ಇಡೀ ಮನೆ, ಮನೆಗೆ ಕೀಲಿ. ಸಂಜೆ ಮರಳಿ ಬಂದಾಗ ಹೊಲ ಕರ್ರಗಾಗಿ ಅರ್ಧ ಕಡಿದಿರುತ್ತಿತ್ತು. ಯಾರು ಹಚ್ಚಿದರು, ಯಾರು ಹೇಳಿದರು ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಮನೆ ಒಂದೇ ಅಲ್ಲ. ಓಣಿಯ ಭೂಪಾಲ ಕಾಕಾನ ಮನೆಯೂ ಹಾಗೇ, ಅವರ ಆಚೆಯ ಮನೆಯೂ ಹಾಗೇ. ಜೈನರ ಬಾಯಲ್ಲಿ ಬೆಂಕಿ ಹಚ್ಚು ಎಂಬ ಮಾತು ಬರುವುದಿಲ್ಲ. ಕೀಲಿ ಬೀಳುತ್ತದೆ, ಅಷ್ಟೆ.

ಫೋನು ಕೈಗೆ ತೆಗೆದುಕೊಂಡೆ. ಸತ್ತೆಪ್ಪನ ನಂಬರು ಹುಡುಕಿದೆ. ಡ್ರೈವರನ ಪಕ್ಕದ ಸೀಟಿನಿಂದ ಕುನಾಲ ತಿರುಗಿ, “ಅಕ್ಕಾ, ಇತ್ತ ನೋಡ್ರಿ, ಹೊಳಿ ಹಿಂದ ಚಲೋ ಬರಾಕತ್ತೈತಿ” ಎಂದು ಕ್ಯಾಮೆರಾ ಹಿಡಿದ. ನಾನು ನಕ್ಕೆ. ಹೇಗೂ ಊರಿಗೆಲ್ಲ ಮೈಕಿನಲ್ಲಿ ಹೇಳಿದ್ದೇನೆ, ಮತ್ತೆ ಯಾಕೆ ಹೇಳಬೇಕು ಎಂದುಕೊಂಡೆ. ಫೋನು ಪರ್ಸಿಗೆ ಹೋಯಿತು.

ಇನ್ನೊಂದು ಮಾತು ಇಲ್ಲಿ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರುವುದಿಲ್ಲ. ಎರಡು ಎಕರೆ ಇನ್ನೂ ಹಾಗೇ ನಿಂತಿತ್ತು. ಭಾನುವಾರದೊಳಗೆ ಹಸಿಯಾಗಿ ಮುಗಿಯುವಂತಿರಲಿಲ್ಲ. ಲಕ್ಕವ್ವನ ಕೈ ನೋಡಲು ಆಗುತ್ತಿರಲಿಲ್ಲ. ಹೇಗಾದರೂ ಮುಗಿದರೆ ಸಾಕಪ್ಪಾ ಎಂದು ಒಳಗೊಂದು ಮೂಲೆಯಲ್ಲಿ ಅನ್ನಿಸುತ್ತಿತ್ತು. ‘ಹೇಗಾದರೂ’ ಎಂದರೆ ಹೇಗೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಚಿಕ್ಕೋಡಿ ದಾಟಿದರೂ ಕಾಲು ಅಲ್ಲಾಡುವುದು ನಿಲ್ಲಲಿಲ್ಲ. ಸ್ತವನಿಧಿಯಲ್ಲಿ ದರ್ಶನವಾಯಿತು, ವಿಡಿಯೊ ಆಯಿತು, ರಾಜ್ಯಾಧ್ಯಕ್ಷರು ನನ್ನ ಬೆನ್ನು ತಟ್ಟಿ ‘ಮರಿಗಳು ಹೇಗಿವೆ’ ಎಂದು ಕೇಳಿದ್ದೂ ಆಯಿತು. ಊಟಕ್ಕೆ ಕೂಡುವಾಗ ಭೂಪಾಲ ಕಾಕಾನ ಫೋನು ಬಂತು.

“ಪೂನಮ, ನಿಮ್ಮ ಹೊಲದಾಗ ಹೊಗಿ ಎದ್ದೈತಲ್ವಾ.”

“ರಾವಸಾಹೇಬ!” ಎಂದೆ. ಕುನಾಲ ಅದಾಗಲೇ ಫೋನಿನಲ್ಲಿ ದೂರು ಟೈಪ್ ಮಾಡುತ್ತಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಾವಿಬ್ಬರೂ. ಊಟ ಬಿಟ್ಟು ಊರಿಗೆ ಹೊರಟೆವು, ಹಿಂದಿನ ಸೀಟಿನಲ್ಲಿ ಅತ್ತೆಯೂ ಜಿನೇಂದ್ರರೂ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಹೊಲಕ್ಕೆ ಹೋಗುವ ಮೊದಲೇ ಠಾಣೆಯ ಮುಂದೆ ಕಾರು ನಿಲ್ಲಿಸಿ, ರಾವಸಾಹೇಬರ ಕಡೆಯವರ ಮೇಲೆ ಅನುಮಾನವಿದೆ ಎಂದು ಬರೆದ ದೂರಿಗೆ ನಾನು ಸಹಿ ಹಾಕಿದೆ. ಫೌಜದಾರರು ಒಳ್ಳೆಯವರು, “ಮೊದಲ ಹೊಲಾ ನೋಡ್ಕೊಂಡ ಬರ್ರಿ ಬಾಯಾರ” ಎಂದರು. ನಾನು ಕೇಳಲಿಲ್ಲ. ಅವರು ಇಬ್ಬರು ಪೊಲೀಸರನ್ನು ಕಳಿಸಿದರು. ಕುನಾಲ ಠಾಣೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಅರ್ಧ ತಾಸು ಮಾತಾಡಿಸಿ, ಮೂರು ಸಲ ಕಣ್ಣೀರು ಸರಿಯಾಗಿ ಬರುವ ಹಾಗೆ ವಿಡಿಯೊ ತೆಗೆದ.

ಅತ್ತೆಯನ್ನೂ ಜಿನೇಂದ್ರರನ್ನೂ ಮನೆಯಲ್ಲಿ ಇಳಿಸಿ ನಾನು ಹೊಲಕ್ಕೆ ಹೋದಾಗ ನಾಲ್ಕು ಗಂಟೆ.

ಎರಡು ಎಕರೆಯೂ ಕಪ್ಪು. ಗ್ಯಾಂಗಿನವರು ಸಪ್ಪಗೆ ಕೂತಿದ್ದರು, ಸತ್ತೆಪ್ಪ ಕಾಣಲಿಲ್ಲ. ಲಕ್ಕವ್ವ ಒಬ್ಬಳೇ ಕಡಿಯುತ್ತಿದ್ದಳು, ಮುಖ ಮಸಿ, ಹಲ್ಲು ಮಾತ್ರ ಬಿಳಿ. ನನ್ನನ್ನು ಕಂಡು ಕುಡುಗೋಲು ಕೆಳಗಿಟ್ಟು ಓಡಿ ಬಂದಳು.

“ಬಂದ್ರ್ಯಾ ಅಕ್ಕಾರ? ಪೊಲೀಸರು ಇವರನ್ನ ಒಯ್ದಾರ್ರಿ. ಯಾರ ಬೆಂಕಿ ಹಚ್ಚಿದ್ರಂತ ಕೇಳಿದ್ರು, ಇವರು ನಾನ ಹಚ್ಚೀನಿ ಅಂದ್ರು. ಸುಳ್ಳ ಯಾಕ ಹೇಳಬೇಕ್ರಿ? ಏನೋ ತಪ್ಪ ತಿಳಕೊಂಡಾರ. ನೀವ ಹೋಗಿ ಬಿಡಸ್ಕೊಂಡ ಬರ್ರಿ.”

“ನಿಮಗ ಹಚ್ಚಂತ ಯಾರ ಹೇಳಿದ್ರು?” ಎಂದು ಕೇಳಿದೆ.

ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಯಾರ ಹೇಳ್ತಾರ್ರಿ? ಮನೀಗೆ ಕೀಲಿ ಬಿದ್ದಿತ್ತಲ್ರಿ. ದೊಡ್ಡ ಬಾಯಾರೂ ಕಾರಿನ್ಯಾಗ ಇದ್ರು, ನಾ ನೋಡಿದ್ನಿ.”

“ನಾ ಮೈಕಿನ್ಯಾಗ ಅಷ್ಟ ಹೇಳಿದ್ನಲ್ಲ ಲಕ್ಕವ್ವಾ!”

“ಹೌದ್ರಿ. ಅದು ಊರಿಗೆ ಹೇಳಿದ್ದು, ಕೀಲಿ ನಮಗ ಹೇಳಿದ್ದು ಅಂದ್ಕೊಂಡ್ವಿ. ಹದಿನೈದ ವರ್ಷ ಹಂಗ ನಡದೈತಿ.”

ನಾನು ಬದುವಿನ ಮೇಲೆ ಕೂತೆ. ಅವಳೂ ಕೂತಳು. ಮರಿಗಳಿದ್ದ ಕಡೆಗೆ ನೋಡಿದೆ. ನಾನು ಕೇಳುವ ಮೊದಲೇ ಅವಳು ಹೇಳಿದಳು.

“ಮರಿ ಹುಡಿಕಿದ್ನಿರಿ. ಹಚ್ಚೂಕಿಂತ ಮೊದಲ ಹೋಗಿ ನೋಡಿದ್ರ ಆ ಜಾಗಾದಾಗ ಇರಲಿಲ್ಲ. ಮಂದಿ ಬಂದ ಬಂದ ನೋಡೂದಕ್ಕ ತಾಯಿ ಹೆದರಿ ಜಾಗಾ ಬದಲ ಮಾಡಿತ್ತು ಕಾಣಸ್ತೈತಿ. ಹೊಲಾ ಬಿಟ್ಟ ಹೋಗ್ಯಾವ ಅಂದ್ಕೊಂಡ್ವಿ. ನಾವು ಯಾವಾಗೂ ಮೂರ ಕಡೆ ಹಚ್ಚಿ ಒಂದ ಕಡೆ ಬಿಡ್ತೀವ್ರಿ, ತಾಟ ಬಡೀತೀವಿ, ಒಳಗಿದ್ದಾವು ಓಡ್ಲಿ ಅಂತ. ಹಂಗ ಮಾಡಿದ್ವಿ. ಮೊಲ ಹೋದು, ಮುಂಗಸಿ ಹೋತು. ಆಮ್ಯಾಲ ಬೆಕ್ಕು ಬಂತು, ಬಾಯಾಗ ಒಂದ ಮರಿ. ಅದನ್ನ ಕಾಲವಿ ಆಚೆ ಇಟ್ಟು ಮತ್ತ ಒಳಗ ಹೋತು.”

“ಮತ್ತ?”

“ಇನ್ನೊಂದ ತಂತು. ಮತ್ತ ಹೋತು. ನಾವು ಬಡದ್ವಿ, ಒದರಿದ್ವಿ, ಇವರು ಅಡ್ಡ ನಿಂತ್ರು. ಇವರ ಕಾಲ ಸಂದ್ಯಾಗ ನುಗ್ಗಿ ಹೋತ್ರಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಬರಲಿಲ್ಲ.”

ಕಾಲುವೆಯ ಆಚೆ ಬುಟ್ಟಿಯ ಕೆಳಗೆ ಎರಡು ಮರಿಗಳನ್ನು ತೋರಿಸಿದಳು. ಹಸಿವಿಗೆ ಒದರುತ್ತಿದ್ದವು. ಅಷ್ಟು ಸಣ್ಣ ಬಾಯಿಂದ ಅಷ್ಟು ದೊಡ್ಡ ದನಿ. ನಾನು ಅಳುತ್ತೇನೆಂದುಕೊಂಡಿದ್ದೆ. ಆದರೆ ಠಾಣೆಯ ಮೆಟ್ಟಿಲ ಮೇಲೆ ಮೂರು ಸಲ ಅತ್ತವಳಿಗೆ ಇಲ್ಲಿ ಕಣ್ಣೀರು ಬರಲಿಲ್ಲ.

ಕುನಾಲ ಕಾರಿನ ಹತ್ತಿರ ಎಲ್ಲ ಕೇಳಿಸಿಕೊಂಡಿದ್ದ. ನನ್ನನ್ನು ಪಕ್ಕಕ್ಕೆ ಕರೆದ. “ಅಕ್ಕಾ, ಹಚ್ಚಿದಾಂವ ಸಿಕ್ಕಾನ. ರಾವಸಾಹೇಬ ಹೇಳಿದ್ದಕ್ಕ ಹಚ್ಚೀನಿ ಅಂತ ಒಂದ ಮಾತ ಅಂದ್ರ ಮುಗೀತು. ನಾಕ ದಿನಾ ಒಳಗಿರ್ತಾನ, ಭಾನುವಾರ ಆದಮ್ಯಾಲ ನಾವ ಜಾಮೀನ ಕೊಡಸೂಣು. ಇಡೀ ತಾಲೂಕು ನಿಮ್ಮ ಸಲವಾಗಿ ಅಳಾಕತ್ತೈತ್ರಿ. ನೀವ ಗೆಲ್ಲತೀರಿ.”

ಛೀ ಎಂದು ಅವನ ಕೆನ್ನೆಗೆ ಹೊಡೆದೆ ಎಂದು ಬರೆಯಬಹುದಿತ್ತು. ಹೊಡೆಯಲಿಲ್ಲ. ‘ಗೆಲ್ಲತೀರಿ’ ಎಂಬ ಮಾತು ಕಿವಿಗೆ ಹಿತವಾಗಿತ್ತು. ಗೆದ್ದರೆ ಎಷ್ಟು ಹೊಲಗಳ ಬೆಂಕಿ ನಿಲ್ಲಿಸಬಹುದು, ಎಷ್ಟು ಮರಿ ಉಳಿಸಬಹುದು ಎಂದು ಲೆಕ್ಕ ಹಾಕುವಷ್ಟು ಕೆಟ್ಟವಳಾದೆ. ಸತ್ತೆಪ್ಪನಿಗೆ ನಾಲ್ಕು ದಿನ ಏನು ಮಹಾ ಎಂದೂ ಅನ್ನಿಸಿತು. “ಮನೀಗೆ ಹೋಗಿ ಬರ್ತೀನಿ” ಎಂದು ಮಾತ್ರ ಹೇಳಿದೆ.

ಮನೆಯಲ್ಲಿ ಅತ್ತೆ ಸೂರ್ಯ ಮುಳುಗುವುದರೊಳಗಿನ ಊಟಕ್ಕೆ ತಾಟು ಹಾಕಿಕೊಂಡಿದ್ದರು. ತುತ್ತು ಮುಟ್ಟಿರಲಿಲ್ಲ. ಜಿನೇಂದ್ರ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಬಾಗಿಲಲ್ಲೇ ಕೇಳಿದೆ.

“ಅತ್ತಿ, ನಿಮಗ ಗೊತ್ತಿತ್ತು.”

“ಹೂಂ.”

“ಗೊತ್ತಿದ್ದೂ ಕೀಲಿ ಹಾಕಿದ್ರ್ಯಾ? ಅಷ್ಟ ಸಣ್ಣ ಹುಳಾ ಬಾವಿಗೆ ತಿರುಗಿ ಬಿಡಾವರು?”

ಜಿನೇಂದ್ರ, “ಪೂನಮ, ಅವ್ವಗ ಹಂಗ ಮಾತಾಡಬ್ಯಾಡ” ಎಂದರು. ಅತ್ತೆ ಕೈಯೆತ್ತಿ ಅವರನ್ನು ತಡೆದರು.

“ಕಾರ್ಖಾನಿಯವರು ಕಬ್ಬ ಒಲ್ಲೆ ಅಂದ್ರ ಏನ ಮಾಡೂದಂತ ಇವಗ ನಿದ್ದಿ ಇರಲಿಲ್ಲ. ಅದಕ್ಕ ಹಾಕಿದ್ನಿ. ನೀ ಸೇತುವಿ ಮ್ಯಾಲ ಫೋನ್ ತಗದಿ. ಈಗ ಹೇಳ್ತಾಳ, ಹಚ್ಚಬ್ಯಾಡ್ರಿ ಅಂತಾಳ ಅಂದ್ಕೊಂಡ್ನಿ. ನೀ ನಕ್ಕೊಂತ ಫೋಟೊ ತಗಸ್ಕೊಂಡಿ. ನಿನಗ ಗೊತ್ತಿರಲಿಲ್ಲೇನ?”

ನಾನು ಹೊಸ್ತಿಲ ಮೇಲೆ ಕೂತೆ.

“ತಾ ಮಾಡೂದು, ಇನ್ನೊಬ್ಬರ ಕಡೆಯಿಂದ ಮಾಡಸೂದು, ಮಾಡಿದ್ದಕ್ಕ ಹೂಂ ಅನ್ನೂದು, ಮೂರೂ ಪಾಪ ಒಂದ ತೂಕಂತ ದಿನಾ ಓದತೀನಿ,” ಎಂದರು ಅತ್ತೆ. “ಓದಿ ಪುಸ್ತಕ ಮುಚ್ಚತೀನಿ.” ತಾಟು ಪಕ್ಕಕ್ಕೆ ಸರಿಸಿದರು. ಅವರ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. ತಾಟಿನ ಅನ್ನ ಹಾಗೇ ಇತ್ತು.

“ನಾ ಠಾಣೆಗೆ ಹೊಂಟೇನಿ” ಎಂದೆ.

“ನಿಲ್ಲು,” ಎಂದು ಅತ್ತೆ ಎದ್ದು ಸೆರಗು ಹೊದ್ದರು. ಹೊತ್ತು ಮುಳುಗಲು ಮುಕ್ಕಾಲು ತಾಸೂ ಇರಲಿಲ್ಲ. ಈಗ ಉಣ್ಣದಿದ್ದರೆ ನಾಳೆ ಬೆಳಿಗ್ಗೆವರೆಗೆ ಅವರಿಗೆ ಹನಿ ನೀರೂ ಇಲ್ಲ. ಹೇಳಿದೆ. “ಗೊತ್ತೈತಿ ನಡಿ” ಎಂದರು. ನಾವಿಬ್ಬರೂ ಕುನಾಲನ ಕಾರು ಹತ್ತಿದೆವು, ಜಿನೇಂದ್ರ ಮೋಟರ್‌ಸೈಕಲ್ ತೆಗೆದು ನಮ್ಮ ಹಿಂದೆ ಬಂದರು.

ಠಾಣೆಯಲ್ಲಿ ಸತ್ತೆಪ್ಪ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ಎಡ ಮೀನಖಂಡದ ಮೇಲೆ ಬೆಕ್ಕಿನ ಉಗುರಿನ ನಾಲ್ಕು ಗೆರೆ. ನನ್ನನ್ನು ಕಂಡು ಎದ್ದು ನಿಂತ. ಫೌಜದಾರರಿಗೆ ನಾನು ದೂರು ವಾಪಸು ಬೇಕು ಎಂದೆ.

“ಬಾಯಾರ, ಇದು ಆಟ ಅಲ್ರಿ,” ಎಂದರು ಅವರು. “ಹಚ್ಚೀನಂತ ಇಂವ ಒಪ್ಪಿಕೊಂಡಾನ. ನೀವು ಹಚ್ಚಂತ ಹೇಳಿರಲಿಲ್ಲಂದ್ರ ಇವಂದು ಗುನ್ನೆ ಆಗತೈತಿ. ನೀವ ಹೇಳಿದ್ರಿ ಅಂದ್ರ ನಿಮ್ಮ ಹೊಲಾ, ನಿಮ್ಮ ಬೆಂಕಿ, ಇವನ್ನ ಬಿಡತೀನಿ. ಆದ್ರ ಸುಳ್ಳ ದೂರ ಕೊಟ್ರಿ ಅಂತ ನಿಮ್ಮ ಮ್ಯಾಲ ಬರ್ತೈತಿ. ರಾವಸಾಹೇಬರ ಹೆಸರ ಬ್ಯಾರೆ ಬರದೀರಿ. ಖರೇ ಹೇಳ್ರಿ, ಹಚ್ಚಂತ ನೀವ ಹೇಳಿದ್ರ್ಯಾ?”

ಬಾಗಿಲಲ್ಲಿ ಕುನಾಲ ತಲೆಯಾಡಿಸುತ್ತಿದ್ದ, ಬೇಡ ಬೇಡ ಎಂದು. ಹೇಳಿರಲಿಲ್ಲ ಎನ್ನುವುದು ಅಕ್ಷರಶಃ ಸತ್ಯ. ನನ್ನ ನಾಲಿಗೆಯಿಂದ ಆ ಮಾತು ಬಂದೇ ಇಲ್ಲ. ಎಷ್ಟು ಸ್ವಚ್ಛವಾದ ನಾಲಿಗೆ ಎಂದು ನನಗೆ ಹೇಸಿಕೆಯಾಯಿತು.

“ಹೌದ್ರಿ, ನಾ ಹೇಳೀನಿ” ಎಂದೆ. “ಕಾಗದ ಕೊಡ್ರಿ.”

ಬರೆದೆ. ನನ್ನ ಹೊಲದ ಕಬ್ಬಿಗೆ ನಾನೇ ಹೇಳಿ ಬೆಂಕಿ ಹಚ್ಚಿಸಿರುತ್ತೇನೆ, ಸತ್ತೆಪ್ಪನ ತಪ್ಪು ಏನೂ ಇಲ್ಲ, ರಾವಸಾಹೇಬರಿಗೂ ಇದಕ್ಕೂ ಸಂಬಂಧವಿಲ್ಲ. ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆಂದು ಅನ್ನಿಸಬೇಕಿತ್ತು. ಬೆಳಗಿನಿಂದ ಆಡಿದ ಮಾತುಗಳಲ್ಲಿ ಅದೊಂದೇ ಖರೆ ಎನ್ನಿಸಿತು. ಸಹಿ ಮಾಡುವಷ್ಟರಲ್ಲಿ ಹೊರಗೆ ಕುನಾಲನ ಕಾರು ಶುರುವಾದ ಸದ್ದು ಕೇಳಿತು. ಹತ್ತು ನಿಮಿಷದಲ್ಲಿ ಪಕ್ಷದಿಂದ ನನ್ನನ್ನು ಕೈಬಿಟ್ಟ ಸಂದೇಶವೂ ಫೋನಿಗೆ ಬಂತು. ನನ್ನ ಹೆಸರಿನ ಕೆಳಗೆ ಇನ್ನೂ ಮರಿಗಳ ಚಿತ್ರವಿತ್ತು.

“ಸಾಕ್ಷಿ ಒಬ್ಬರ ಸಹಿ ಬೇಕ್ರಿ” ಎಂದರು ಫೌಜದಾರರು.

ಅತ್ತೆ ಮುಂದೆ ಬಂದು ಪೆನ್ನು ತೆಗೆದುಕೊಂಡರು.

“ಅಜ್ಜೀ, ನೀವ ಏನ ಕಂಡೀರಿ?”

“ಕಂಡಿಲ್ಲಪಾ. ಮನೀಗೆ ಕೀಲಿ ಹಾಕಿದಾಕಿ ನಾನು,” ಎಂದರು. ಫೌಜದಾರರಿಗೆ ಅರ್ಥವಾಗಲಿಲ್ಲ. ಸತ್ತೆಪ್ಪನಿಗೆ ಆಯಿತು, ಅವನು ನೆಲ ನೋಡಿದ. ಅತ್ತೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಅಷ್ಟರಲ್ಲಿ ಹೊತ್ತು ಮುಳುಗಿತ್ತು.

ಹೊರಗೆ ಬಂದಾಗ ಜಿನೇಂದ್ರ ಅತ್ತೆಯನ್ನು ಮೋಟರ್‌ಸೈಕಲ್ ಮೇಲೆ ಕೂಡಿಸಿಕೊಂಡು ಮುಂದೆ ಹೋದರು. ಸತ್ತೆಪ್ಪನೂ ನಾನೂ ಕಬ್ಬಿನ ಟ್ರ್ಯಾಕ್ಟರುಗಳ ಪಕ್ಕದಲ್ಲಿ ನಡೆದೆವು. ಅವನು ಸರಸರ ನಡೆಯುತ್ತಿದ್ದ. ಸುಟ್ಟ ಕಬ್ಬು ನಾಳೆ ಮಧ್ಯಾಹ್ನದೊಳಗೆ ಹೋಗದಿದ್ದರೆ ತೂಕ ಇಳಿಯುತ್ತದೆ, ಬೆಳಕು ಹರಿಯುವುದರೊಳಗೆ ಶುರು ಮಾಡಬೇಕು ಎಂದ. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. ಸಿಟ್ಟು ಯಾಕೆ ಎಂದ. ಒಂದಿಷ್ಟು ದೂರ ಹೋದ ಮೇಲೆ, ಬಿತ್ತನೆಯ ವಿಷಯ ಕೇಳುವವನ ಹಾಗೆ ಕೇಳಿದ.

“ಅಕ್ಕಾರ, ಬರೂ ವರ್ಷ ಹೆಂಗ ಮಾಡೂಣ್ರಿ? ಹಚ್ಚೂದ, ಬಿಡೂದ?”

ಹದಿನೈದು ವರ್ಷದಲ್ಲಿ ನಮ್ಮ ಮನೆಯವರನ್ನು ಅವನು ಇದನ್ನು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ನಾನು ನಿಂತುಬಿಟ್ಟೆ.

“ಹಚ್ಚಬ್ಯಾಡ್ರಿ,” ಎಂದೆ. “ನಾ ಎಲ್ಲೂ ಹೋಗಂಗಿಲ್ಲ. ನಿಮ್ಮ ಜೋಡಿ ನಿಂತು ಕಡೀತೀನಿ.”

ಸತ್ತೆಪ್ಪ ನನ್ನ ಕೈಗಳನ್ನು ನೋಡಿದ, ಆಮೇಲೆ ಮುಖ ನೋಡಿದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಬರೂ ವರ್ಷ ಎಲೆಕ್ಷನ್ ಇರಂಗಿಲ್ಲಲ್ರಿ ಅಕ್ಕಾರ,” ಎಂದ.